ಡಿಸೈನ್ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಹಿಡಿಯಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಲೋಗೋ, ಪೋಸ್ಟರ್, ಪುಸ್ತಕದ ಒಳಪುಟ, ಆಪ್‌ನ ಸ್ಕ್ರೀನ್ ಹೀಗೆ ಸಿಕ್ಕ ಸಿಕ್ಕ ಡಿಸೈನ್ ಕೆಲಸ ಮಾಡುತ್ತಾ ಬಂದಿದ್ದೇನೆ. ಹೊಸದಾಗಿ ಈ ಕಡೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಒಬ್ಬೊಬ್ಬರಿಗೆ ಒಂದೊಂದು ಥರ ಉತ್ತರ ಹೇಳಿ ಗೊಂದಲ ಮಾಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಮೊದಲ ಎರಡನ್ನು ಮಾತ್ರ ಹಾರಿಸಬೇಡಿ, ಉಳಿದದ್ದೆಲ್ಲ ಅವುಗಳ ಮೇಲೇ ನಿಂತಿದೆ.

ಡಿಸೈನ್ ಕಲಿಯಬೇಕು ಅಂತಿದ್ದೇನೆ. ಸುತ್ತಿಬಳಸಿ ಹೇಳಬೇಡಿ, ಒಂದೇ ಒಂದು ಸಾಫ್ಟ್‌ವೇರ್ ಹೆಸರು ಹೇಳಿ.

ಹೇಳುತ್ತೇನೆ, ಆದರೆ ಮೊದಲು ನೀವು ಒಂದು ವಿಷಯ ಹೇಳಬೇಕು. ಕೆಲಸ ಮುಗಿದ ಮೇಲೆ ನಿಮ್ಮ ಕೈಯಿಂದ ಹೊರಗೆ ಹೋಗುವ ಫೈಲ್ ಯಾವುದು? ಅದನ್ನು ಯಾರು ತೆರೆಯುತ್ತಾರೆ? ಎಷ್ಟು ದೊಡ್ಡದಾಗಿ ತೋರಿಸುತ್ತಾರೆ?

ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾರೆ, ಆರು ತಿಂಗಳು ಕಲಿಯುತ್ತಾರೆ, ಆಮೇಲೆ ಪ್ರೆಸ್‌ನವರು "ಈ ಫೈಲ್ ಆಗಲ್ಲ" ಅಂದಾಗ ತಲೆ ಕೆರೆದುಕೊಳ್ಳುತ್ತಾರೆ. ಕೊನೆಯ ಫೈಲ್‌ನಿಂದ ಹಿಂದಕ್ಕೆ ಬಂದರೆ ಆಯ್ಕೆ ತಾನಾಗೇ ಕಿರಿದಾಗುತ್ತದೆ. ಲೋಗೋ ಮಾಡುತ್ತೀರಾ? ವೆಕ್ಟರ್ ಸಾಫ್ಟ್‌ವೇರ್ ಬೇಕು (ವೆಕ್ಟರ್ ಅಂದರೇನು ಅಂತ ಮುಂದಿನ ಪ್ರಶ್ನೆಯಲ್ಲಿದೆ): ಇಲಸ್ಟ್ರೇಟರ್, ಕೋರೆಲ್‌ಡ್ರಾ, ಇಂಕ್‌ಸ್ಕೇಪ್, ಅಫಿನಿಟಿ, ಯಾವುದಾದರೂ ಒಂದು. ಫೋಟೋ ತಿದ್ದುತ್ತೀರಾ? ಫೋಟೋಶಾಪ್, ಗಿಂಪ್. ನೂರು ಪುಟದ ಪುಸ್ತಕ ಕಟ್ಟುತ್ತೀರಾ? ಇನ್‌ಡಿಸೈನ್, ಸ್ಕ್ರೈಬಸ್. ಆಪ್ ಅಥವಾ ವೆಬ್‌ಸೈಟಿನ ಸ್ಕ್ರೀನ್? ಫಿಗ್ಮಾ, ಪೆನ್‌ಪಾಟ್. ಕೈಯಲ್ಲಿ ಬಿಡಿಸಿದ ಹಾಗೆ ಚಿತ್ರ ಬೇಕಾ? ಕ್ರಿಟಾ, ಪ್ರೊಕ್ರಿಯೇಟ್, ಕ್ಲಿಪ್ ಸ್ಟುಡಿಯೋ ಪೇಂಟ್.

ಏನು ಮಾಡಬೇಕು ಅಂತ ಇನ್ನೂ ಗೊತ್ತೇ ಇಲ್ಲ ಅನ್ನುವವರಿಗೆ ನನ್ನ ಉತ್ತರ ಇಂಕ್‌ಸ್ಕೇಪ್. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಅಲ್ಲಿ ಕಲಿತ ಪೆನ್ ಟೂಲ್ (ಬಿಂದು ಇಟ್ಟು ಗೆರೆ ಬಿಡಿಸುವ ಉಪಕರಣ) ಬೇರೆ ಎಲ್ಲಿ ಹೋದರೂ ಕೈ ಹಿಡಿಯುತ್ತದೆ.

ರಾಸ್ಟರ್, ವೆಕ್ಟರ್ ಅಂತಾರಲ್ಲ, ನಿಜವಾಗಿ ಏನು ವ್ಯತ್ಯಾಸ?

ಒಂದು ಸಣ್ಣ ಪ್ರಯೋಗ ಮಾಡಿ, ಐದು ನಿಮಿಷದ ಕೆಲಸ. ಗಿಂಪ್‌ನಲ್ಲೋ ಫೋಟೋಶಾಪ್‌ನಲ್ಲೋ ಬ್ರಷ್ ಹಿಡಿದು ಒಂದು ಕಪ್ಪು ಬೊಟ್ಟು ಇಡಿ. ಈಗ ಅದನ್ನು 800 ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕಪ್ಪು ಚೌಕಗಳ ಪಕ್ಕ ಬೂದು ಚೌಕಗಳು, ಅದರ ಪಕ್ಕ ತಿಳಿ ಬೂದು. ಅಲ್ಲಿರುವುದು ದುಂಡಗಿನ ಆಕಾರ ಅಲ್ಲವೇ ಅಲ್ಲ, ದುಂಡಗೆ ಕಾಣುವ ಹಾಗೆ ಜೋಡಿಸಿದ ಚೌಕಗಳು, ಅಂದರೆ ಪಿಕ್ಸೆಲ್‌ಗಳು. ಇದು ರಾಸ್ಟರ್.

ಅದೇ ಬೊಟ್ಟನ್ನು ಇಲಸ್ಟ್ರೇಟರ್‌ನಲ್ಲಿ ಎಲಿಪ್ಸ್ ಟೂಲ್ ಹಿಡಿದು ಎಳೆಯಿರಿ. ಸುತ್ತ ನಾಲ್ಕೇ ನಾಲ್ಕು ಬಿಂದು ಕಾಣುತ್ತವೆ: ಮೇಲೊಂದು, ಕೆಳಗೊಂದು, ಎಡಬಲಕ್ಕೆ ಒಂದೊಂದು. ಪ್ರತಿ ಬಿಂದುವಿಗೂ ಎರಡು ಹಿಡಿಕೆ. ಗೆರೆ ಎಷ್ಟು ಬಾಗಬೇಕು ಅಂತ ಆ ಹಿಡಿಕೆಗಳು ಹೇಳುತ್ತವೆ. ನೀವು ಹಿಗ್ಗಿಸಿದಾಗೆಲ್ಲ ಕಂಪ್ಯೂಟರ್ ಆ ಲೆಕ್ಕವನ್ನು ಹೊಸದಾಗಿ ಮಾಡಿ ಗೆರೆ ಬಿಡಿಸುತ್ತದೆ. ಹಾಗಾಗಿ ಅಂಚು ಯಾವತ್ತೂ ಒಡೆಯುವುದಿಲ್ಲ. ಇದು ವೆಕ್ಟರ್.

ಇದು ಯಾಕೆ ಮುಖ್ಯ ಅಂತ ನನಗೆ ಅರ್ಥವಾಗಿದ್ದು ಒಂದು ಬ್ಯಾನರ್ ನೋಡಿದಾಗ. ಒಬ್ಬ ಕ್ಲೈಂಟ್ ತಮ್ಮ ಹಳೆ ಲೋಗೋವನ್ನು ಫೋನಿನ ಮೆಸೇಜಲ್ಲಿ ಕಳಿಸಿದ್ದರು. ಅಗಲ 400 ಪಿಕ್ಸೆಲ್. ಅದನ್ನು ಹತ್ತು ಅಡಿ ಅಗಲದ ಬ್ಯಾನರಿಗೆ ಹಾಕಬೇಕಿತ್ತು. ಹತ್ತು ಅಡಿ ಅಂದರೆ ಸುಮಾರು 3,048 ಮಿಲಿಮೀಟರ್. ಲೆಕ್ಕ ಹಾಕಿ: ಒಂದೊಂದು ಪಿಕ್ಸೆಲ್ಲೂ ಏಳೂವರೆ ಮಿಲಿಮೀಟರ್ ಅಗಲ! ಹೆಬ್ಬೆರಳಿನ ಉಗುರಿನ ಅರ್ಧದಷ್ಟು. ಆಗ ನಾನು ಹೊಸಬ, ಹಾಗೇ ಹಾಕಿ ಕಳಿಸಿಬಿಟ್ಟೆ. ಬ್ಯಾನರ್ ಮುಂದೆ ನಿಂತಾಗ ಲೋಗೋ ಬದಲು ಇಟ್ಟಿಗೆ ಗೋಡೆ ಕಂಡಿತು. ಆಮೇಲೆ ಒಂದು ರಾತ್ರಿ ಕೂತು ಅದನ್ನು ಪೆನ್ ಟೂಲ್‌ನಲ್ಲಿ ಮತ್ತೆ ಬಿಡಿಸಿದೆ. ನನ್ನದೇ ಖರ್ಚಿನಲ್ಲಿ ಎರಡನೇ ಬ್ಯಾನರ್.

ಹಾಗಂತ ವೆಕ್ಟರ್ ಮೇಲು, ರಾಸ್ಟರ್ ಕೀಳು ಅಂತಲ್ಲ. ಫೋಟೋ ಯಾವತ್ತಿದ್ದರೂ ರಾಸ್ಟರ್. ಜಲವರ್ಣದ ಹಾಗೆ ಬಣ್ಣ ಹರಡುವ ಚಿತ್ರಕ್ಕೂ ರಾಸ್ಟರೇ ಸರಿ. ರಾಸ್ಟರ್‌ನಲ್ಲಿ ಕೆಲಸ ಶುರು ಮಾಡುವ ಮೊದಲೇ ಅಳತೆ ಗಟ್ಟಿಮಾಡಿಕೊಳ್ಳಬೇಕು, ಅಷ್ಟೆ. ಕೈಯಲ್ಲಿ ಹಿಡಿದು ನೋಡುವ ಎ4 ಪುಟಕ್ಕೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಅಂದರೆ 2480 × 3508 ಪಿಕ್ಸೆಲ್. ದೂರದಿಂದ ನೋಡುವ ದೊಡ್ಡ ಬ್ಯಾನರಿಗೆ ಅಷ್ಟು ಬೇಕಿಲ್ಲ, 100 ಡಿಪಿಐ ಆಸುಪಾಸು ಇದ್ದರೂ ನಡೆಯುತ್ತದೆ.

ಎಲ್ಲವನ್ನೂ ಫೋಟೋಶಾಪ್‌ನಲ್ಲೇ ಮಾಡಬಹುದಲ್ವಾ?

ಮಾಡಬಹುದು. ಸ್ಕ್ರೂಡ್ರೈವರ್‌ನಿಂದ ಮೊಳೆ ಹೊಡೆಯಲೂಬಹುದು.

ಫೋಟೋಶಾಪ್ 1990ರಲ್ಲಿ ಬಂದಿದ್ದೇ ಚಿತ್ರ ತಿದ್ದುವುದಕ್ಕೆ. ಆಮೇಲೆ ಅದಕ್ಕೆ ಶೇಪ್, ಟೆಕ್ಸ್ಟ್, ವಿಡಿಯೋ ಎಲ್ಲ ಸೇರಿಕೊಂಡವು. ಒಂದು ಪೋಸ್ಟರಿಗೆ ಪರವಾಗಿಲ್ಲ. ಆದರೆ ಎಂಬತ್ತು ಪುಟದ ಸ್ಮರಣ ಸಂಚಿಕೆಯನ್ನು ಪುಟಕ್ಕೊಂದು ಫೈಲ್‌ನಂತೆ ಫೋಟೋಶಾಪ್‌ನಲ್ಲಿ ಕಟ್ಟಿದವರನ್ನು ನೋಡಿದ್ದೇನೆ. ಕೊನೆ ಗಳಿಗೆಯಲ್ಲಿ ಹನ್ನೆರಡನೇ ಪುಟಕ್ಕೆ ಒಂದು ಪ್ಯಾರಾ ಸೇರಿತು. ಅಲ್ಲಿಂದ ಮುಂದಿನ ಅಷ್ಟೂ ಪುಟಗಳ ಅಕ್ಷರವನ್ನು ಕೈಯಿಂದ ಕತ್ತರಿಸಿ ಮುಂದಕ್ಕೆ ತಳ್ಳುತ್ತಾ ಕೂತರು, ಪಾಪ. ಪುಟ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಟೆಕ್ಸ್ಟ್ ಫ್ರೇಮ್‌ಗಳು ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಒಂದು ಕಡೆ ಪ್ಯಾರಾ ಸೇರಿಸಿದರೆ ಉಳಿದದ್ದು ತಾನೇ ಹರಿದುಕೊಂಡು ಮುಂದಕ್ಕೆ ಹೋಗುತ್ತದೆ. ಪುಟಸಂಖ್ಯೆಯೂ ತಾನೇ ಬದಲಾಗುತ್ತದೆ.

ಉಚಿತ ಸಾಫ್ಟ್‌ವೇರ್ ಇಟ್ಟುಕೊಂಡು ನಿಜವಾದ ಕೆಲಸ ಆಗುತ್ತಾ, ಅಥವಾ ಬರೀ ಕಲಿಯೋಕೆ ಮಾತ್ರವಾ?

ಆಗುತ್ತದೆ. ಆದರೆ "ಉಚಿತ" ಅನ್ನುವ ಮಾತಿನೊಳಗೆ ಬೇರೆ ಬೇರೆ ಸರಕು ಇದೆ, ಅದನ್ನು ಬಿಡಿಸಿ ನೋಡಬೇಕು.

ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್, ಒಂದು ಬಗೆ. ಗಿಂಪ್ 1996ರಿಂದ ಇದೆ, ಇಂಕ್‌ಸ್ಕೇಪ್ 2003ರಿಂದ. ಇವನ್ನು ಯಾವ ಕಂಪನಿಯೂ ಒಂದು ಬೆಳಿಗ್ಗೆ ಎದ್ದು ನಿಮ್ಮಿಂದ ಕಿತ್ತುಕೊಳ್ಳಲು ಆಗುವುದಿಲ್ಲ. ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಕಥೆ ನನಗೆ ತುಂಬಾ ಇಷ್ಟ. ಅದನ್ನು ಮಾಡಿದ ಕಂಪನಿ 2002ರಲ್ಲಿ ಮುಳುಗಿತು. ಬಳಕೆದಾರರೇ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಒಟ್ಟುಮಾಡಿ ಅದರ ಕೋಡ್ ಬಿಡಿಸಿಕೊಂಡರು. ಅವತ್ತು ಸಾಯಬೇಕಿದ್ದ ಆ ಸಾಫ್ಟ್‌ವೇರ್‌ನಲ್ಲಿ ಮಾಡಿದ ಲಾಟ್ವಿಯಾದ ಒಂದು ಅನಿಮೇಷನ್ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. "ಬರೀ ಕಲಿಯೋಕೆ" ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕಾ?

ಎರಡನೆಯದು ಕಂಪನಿಯೊಂದು ತನ್ನ ಸಾಫ್ಟ್‌ವೇರ್ ಅನ್ನು ಉಚಿತವಾಗಿ ಕೊಡುವುದು. ಅಫಿನಿಟಿ ಮೊದಲು ಒಂದು ಸಲ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಆಗಿತ್ತು. 2024ರಲ್ಲಿ ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ ಅದನ್ನು ಕೊಂಡಿತು, 2025ರ ಅಕ್ಟೋಬರ್‌ನಲ್ಲಿ ಉಚಿತ ಮಾಡಿತು. ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಇವತ್ತು ಉಚಿತ ಮಾಡಿದವರು ನಾಳೆ ಮನಸ್ಸು ಬದಲಿಸಬಹುದು ಅನ್ನುವುದು ತಲೆಯ ಒಂದು ಮೂಲೆಯಲ್ಲಿರಲಿ. ಇನ್ನು ಅರ್ಧ ಉಚಿತ, ಅಂದರೆ ಒಂದಷ್ಟು ಬಿಟ್ಟುಕೊಟ್ಟು ಉಳಿದದ್ದಕ್ಕೆ ದುಡ್ಡು ಕೇಳುವಂಥವು. ಅಲ್ಲಿ ಒಂದೇ ಪರೀಕ್ಷೆ: ನಿಮಗೆ ಬೇಕಾದ ಫೈಲ್ ಉಚಿತ ಪ್ಲಾನ್‌ನಲ್ಲೇ ಹೊರಬರುತ್ತದಾ? ಎಷ್ಟೋ ಕಡೆ ಚಿತ್ರ ಬಿಡಿಸುವುದು ಉಚಿತ, ಹೊರತೆಗೆಯುವುದಕ್ಕೆ ಕಾಸು.

ಓಪನ್ ಸೋರ್ಸ್‌ನ ಕೊರತೆಯನ್ನೂ ಹೇಳಿಬಿಡುತ್ತೇನೆ. ಗಿಂಪ್‌ನಲ್ಲಿ ಫಿಲ್ಟರ್ ಹಾಕಿದರೆ ಅದು ಚಿತ್ರಕ್ಕೆ ಅಂಟಿಕೊಂಡುಬಿಡುತ್ತಿತ್ತು, ಆಮೇಲೆ ತಿದ್ದಲು ಆಗುತ್ತಿರಲಿಲ್ಲ. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಅದು ಸರಿಹೋಯಿತು. ಫೋಟೋಶಾಪ್ ಬಳಸುವವರಿಗೆ ಅದು ಎಷ್ಟೋ ಕಾಲದಿಂದ ಇತ್ತು. ಪ್ರಿಂಟಿಂಗ್‌ಗೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಯ) ಬಣ್ಣದ ವಿಷಯದಲ್ಲೂ ಇಂಕ್‌ಸ್ಕೇಪ್ ಹಿಂದೆ. ನಾನು ಇಂಕ್‌ಸ್ಕೇಪ್‌ನಲ್ಲಿ ಬಿಡಿಸಿ, ಸ್ಕ್ರೈಬಸ್‌ಗೆ ತಂದು, ಅಲ್ಲಿ ಬಣ್ಣ ಸರಿಮಾಡಿ ಪಿಡಿಎಫ್ ತೆಗೆಯುತ್ತೇನೆ. ಒಂದು ಹೆಜ್ಜೆ ಜಾಸ್ತಿ.

ಓಪನ್ ಸೋರ್ಸ್‌ನಲ್ಲಿ ಮಾಡಿದ ಡಿಸೈನ್ ಅನ್ನು ಮಾರಬಹುದಾ?

ಧಾರಾಳವಾಗಿ. ಸಾಫ್ಟ್‌ವೇರ್‌ನ ಲೈಸೆನ್ಸ್ ಸಾಫ್ಟ್‌ವೇರಿಗೆ ಸೇರಿದ್ದು. ಅದರಲ್ಲಿ ನೀವು ಬಿಡಿಸಿದ್ದು ನಿಮ್ಮದು.

ತಿಂಗಳು ತಿಂಗಳು ಕಟ್ಟುವುದಾ, ಒಂದೇ ಸಲ ಕೊಳ್ಳುವುದಾ?

ಮೊದಲೆಲ್ಲ ಈ ಪ್ರಶ್ನೆಯೇ ಇರಲಿಲ್ಲ. ಫೋಟೋಶಾಪ್, ಇಲಸ್ಟ್ರೇಟರ್, ಇನ್‌ಡಿಸೈನ್ ಮಾಡುವ ಅಡೋಬಿ ಕಂಪನಿಯ ಸಿಎಸ್6 ಕಟ್ಟು ಬಂದಿದ್ದು 2012ರಲ್ಲಿ. ಅದನ್ನು ಕೊಂಡವರು ಬೇಕಾದಷ್ಟು ವರ್ಷ ಬಳಸಬಹುದಿತ್ತು. 2013ರಲ್ಲಿ ಅವರು ಕ್ರಿಯೇಟಿವ್ ಕ್ಲೌಡ್ ಕಡೆ ತಿರುಗಿದರು, ಇನ್ನು ಮುಂದೆ ಹೊಸ ಆವೃತ್ತಿ ಬೇಕಾದರೆ ಚಂದಾ ಕಟ್ಟಿ ಅಂದರು. ಆಮೇಲೆ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು.

ಚಂದಾ ಅಂದ ಕೂಡಲೇ ಬೈಯಬೇಕಿಲ್ಲ. ಪ್ರತಿ ತಿಂಗಳೂ ಆ ಸಾಫ್ಟ್‌ವೇರ್‌ನಿಂದಲೇ ಸಂಪಾದನೆ ಇದ್ದರೆ ಅದು ಕರೆಂಟ್ ಬಿಲ್ ಇದ್ದ ಹಾಗೆ. ತೊಂದರೆ ಇರುವುದು ವರ್ಷಕ್ಕೆ ಎರಡು ಮೂರು ಸಲ ಮಾತ್ರ ತೆರೆಯುವವರಿಗೆ. ನಾನೊಮ್ಮೆ ಒಂದು ಕಂಪನಿಯ ಚಂದಾ ನಿಲ್ಲಿಸಿ ನಾಲ್ಕು ತಿಂಗಳು ಆರಾಮಾಗಿದ್ದೆ. ಒಂದು ದಿನ ಹಳೆ ಕ್ಲೈಂಟ್ ಫೋನ್ ಮಾಡಿ, "ಆ ಬ್ರೋಷರ್‌ನಲ್ಲಿ ಫೋನ್ ನಂಬರ್ ಬದಲಾಗಿದೆ, ಅಷ್ಟೇ ಒಂದು ತಿದ್ದಿಕೊಡಿ" ಅಂದರು. ಫೈಲ್ ನನ್ನ ಕಂಪ್ಯೂಟರಲ್ಲೇ ಇದೆ. ತೆರೆಯಲು ಆಗುತ್ತಿಲ್ಲ. ಹತ್ತು ಅಂಕಿ ಬದಲಿಸಲು ಒಂದು ತಿಂಗಳ ದುಡ್ಡು ಕಟ್ಟಿದೆ. ಅವತ್ತಿನಿಂದ ಚಂದಾ ನಿಲ್ಲಿಸುವ ಮೊದಲು ಒಂದು ಸಂಜೆ ಕೂತು ಎಲ್ಲಾ ಫೈಲ್‌ಗಳ ಪಿಡಿಎಫ್, ಎಸ್‌ವಿಜಿ (ವೆಕ್ಟರ್ ಚಿತ್ರದ ಮುಕ್ತ ರೂಪ) ಪ್ರತಿ ತೆಗೆದಿಡುವುದು ಅಭ್ಯಾಸವಾಯಿತು.

ಇನ್ನೊಂದು ಮಾತು. "ತಿಂಗಳಿಗೆ ಇಷ್ಟು" ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಕೆಲವು ಸಲ ಒಂದು ವರ್ಷದ ಒಪ್ಪಂದ ಆಗಿರುತ್ತದೆ, ಕಂತು ಮಾತ್ರ ತಿಂಗಳಿಗೆ. ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಕಾರ್ಡ್ ನಂಬರ್ ಹಾಕುವ ಮೊದಲು ಸಣ್ಣ ಅಕ್ಷರ ಓದಿ.

ಕ್ರ್ಯಾಕ್ ಮಾಡಿದ್ದು ಸಿಗುತ್ತಲ್ಲ?

ಸಿಗುತ್ತದೆ, ಜೊತೆಗೆ ವೈರಸ್ಸೂ ಸಿಗುತ್ತದೆ. ಕ್ಲೈಂಟ್‌ಗಳ ಫೈಲ್ ಇರುವ ಯಂತ್ರದಲ್ಲಿ ಯಾರೋ ಗೊತ್ತಿಲ್ಲದವರು ತಿದ್ದಿದ ಪ್ರೋಗ್ರಾಮ್ ಓಡಿಸುವುದು ಬೇಡ. ಉಚಿತವಾಗಿ, ಕಾನೂನಾಗಿ ಇಷ್ಟೊಂದು ಸಿಗುವಾಗ ಅದರ ಅಗತ್ಯವೂ ಇಲ್ಲ.

ಕ್ಯಾನ್ವಾ ಬಳಸಿದರೆ ಡಿಸೈನರ್ ಅಂತ ಯಾರೂ ಒಪ್ಪಲ್ಲ ಅಂತಾರೆ. ಹೌದಾ?

ಹಾಗೆ ಅನ್ನುವವರ ಜೊತೆ ನನಗೆ ಜಗಳವಿದೆ. 2013ರಲ್ಲಿ ಕ್ಯಾನ್ವಾ ಶುರುವಾಗಿದ್ದೇ ಡಿಸೈನರ್ ಅಲ್ಲದವರಿಗಾಗಿ. ವಾರಕ್ಕೆ ಹತ್ತು ಸೋಷಿಯಲ್ ಮೀಡಿಯಾ ಪೋಸ್ಟ್ ಹಾಕಬೇಕಾದ ಒಂದು ಸಣ್ಣ ತಂಡಕ್ಕೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ನಾನೇ ಎಷ್ಟೋ ಕ್ಲೈಂಟ್‌ಗಳಿಗೆ ಬಣ್ಣ, ಅಕ್ಷರ, ಅಳತೆ ಎಲ್ಲ ಕೂರಿಸಿದ ಟೆಂಪ್ಲೇಟ್ ಮಾಡಿ ಕ್ಯಾನ್ವಾದಲ್ಲೇ ಕೊಟ್ಟಿದ್ದೇನೆ. ದಿನಾಂಕ ಬದಲಿಸಲು ಅವರು ನನಗೆ ಫೋನ್ ಮಾಡಬೇಕಿಲ್ಲ, ನನಗೂ ನೆಮ್ಮದಿ.

ಲೋಗೋ ಮಾತ್ರ ಅಲ್ಲಿಯ ಚಿತ್ರಗಳಿಂದ ಜೋಡಿಸಬೇಡಿ. ಲೈಬ್ರರಿಯಲ್ಲಿರುವ ಎಲೆ, ಹಕ್ಕಿ, ಸೂರ್ಯನ ಚಿತ್ರಗಳನ್ನು ಲಕ್ಷಾಂತರ ಜನ ಬಳಸುತ್ತಾರೆ. ಅದು ನಿಮ್ಮೊಬ್ಬರ ಸ್ವತ್ತಲ್ಲ, ಹಾಗಾಗಿ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಲೈಸೆನ್ಸ್‌ನಲ್ಲೇ ಅವಕಾಶ ಇಲ್ಲ. ನಾಳೆ ಎದುರುಗಡೆ ಅಂಗಡಿಯವರೂ ಅದೇ ಹಕ್ಕಿ ಹಾಕಿಕೊಂಡರೆ ಏನೂ ಕೇಳುವ ಹಾಗಿಲ್ಲ.

ಆಪ್, ವೆಬ್‌ಸೈಟ್ ಡಿಸೈನಿಗೆ ಎಲ್ಲರೂ ಫಿಗ್ಮಾ ಫಿಗ್ಮಾ ಅಂತಾರೆ. ಅದೇ ಯಾಕೆ?

ಚಿತ್ರ ಬಿಡಿಸುವ ಸೌಲಭ್ಯದಿಂದ ಅಲ್ಲ. ಕೆಲಸ ಹಂಚಿಕೊಳ್ಳುವ ರೀತಿಯಿಂದ. ಮೊದಲು ಸ್ಕೆಚ್ ಇತ್ತು, 2010ರಲ್ಲಿ ಬಂದಿದ್ದು, ಚೆನ್ನಾಗೇ ಇತ್ತು. ಆದರೆ ಅದರ ಎಡಿಟರ್ ಮ್ಯಾಕ್‌ನಲ್ಲಿ ಮಾತ್ರ. ಫೈಲ್ ಹೆಸರು ನೋಡಿ: ಫೈನಲ್, ಫೈನಲ್ 2, ನಿಜವಾದ ಫೈನಲ್. ಯಾರ ಹತ್ತಿರ ಯಾವುದಿದೆ ಅನ್ನುವುದೇ ಒಂದು ದೊಡ್ಡ ತಲೆನೋವು. 2016ರಲ್ಲಿ ಎಲ್ಲರಿಗೂ ತೆರೆದುಕೊಂಡ ಫಿಗ್ಮಾ ಬ್ರೌಸರ್‌ನಲ್ಲೇ ನಡೆಯುತ್ತದೆ. ಒಂದೇ ಫೈಲ್, ಎಲ್ಲರ ಕರ್ಸರ್ ಅಲ್ಲೇ ಓಡಾಡುತ್ತಿರುತ್ತದೆ. ಕೋಡ್ ಬರೆಯುವವರು ಒಂದು ಬಟನ್ ಮೇಲೆ ಕ್ಲಿಕ್ ಮಾಡಿದರೆ ಅದರ ಅಳತೆ, ಬಣ್ಣದ ಸಂಖ್ಯೆ ಸಿಗುತ್ತದೆ, ನಿಮ್ಮನ್ನು ಕೇಳಬೇಕಿಲ್ಲ.

ಅಡೋಬಿ 2022ರಲ್ಲಿ ಇದನ್ನು 2,000 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತು. ಯುರೋಪ್ ಮತ್ತು ಬ್ರಿಟನ್‌ನ ಸ್ಪರ್ಧಾ ನಿಯಂತ್ರಕರು ಒಪ್ಪುವ ಹಾಗೆ ಕಾಣದೆ 2023ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಆ ಒಂದೂಕಾಲು ವರ್ಷ ಎಷ್ಟೋ ಜನ ಪೆನ್‌ಪಾಟ್ ಕಡೆ ಇಣುಕಿ ನೋಡಿದರು. ಅದು ಓಪನ್ ಸೋರ್ಸ್, ಬೇಕಾದರೆ ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಗುಟ್ಟಿನ ಕೆಲಸ ಮಾಡುವ ತಂಡಗಳಿಗೆ ಒಳ್ಳೆಯದು.

ಇಂಟರ್‌ನೆಟ್ ಆಗಾಗ ಕೈಕೊಡುವ ಕಡೆ ಕೂತು ಕೆಲಸ ಮಾಡುವವರು ಬ್ರೌಸರ್ ಸಾಫ್ಟ್‌ವೇರ್ ನೆಚ್ಚಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಚಿತ್ರ ಬಿಡಿಸಲು ಐಪ್ಯಾಡ್ ಬೇಕೇ ಬೇಕಾ?

ಬೇಡ. ಪ್ರೊಕ್ರಿಯೇಟ್ ಬೇಕಾದರೆ ಮಾತ್ರ ಬೇಕು, ಯಾಕಂದರೆ ಅದು ಬೇರೆ ಟ್ಯಾಬ್ಲೆಟ್‌ಗೆ ಸಿಗುವುದಿಲ್ಲ. ಒಂದೇ ಸಲ ದುಡ್ಡು, ಚಂದಾ ಇಲ್ಲ. ಅದರ ಒಂದು ಮಿತಿ ಗೊತ್ತಿರಲಿ: ಕ್ಯಾನ್ವಾಸ್ ದೊಡ್ಡದಾದಷ್ಟೂ ಲೇಯರ್ (ಒಂದರ ಮೇಲೊಂದು ಬಿಡಿಸುವ ಪದರ) ಕಡಿಮೆ ಸಿಗುತ್ತದೆ. ಎಷ್ಟು ಸಿಗುತ್ತದೆ ಅನ್ನುವುದು ನಿಮ್ಮ ಐಪ್ಯಾಡ್‌ನ ರ‍್ಯಾಮ್ ಮೇಲೆ ನಿಂತಿದೆ. ದೊಡ್ಡ ಪೋಸ್ಟರ್ ಬಿಡಿಸುವವರು ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ.

ಕಂಪ್ಯೂಟರ್ ಈಗಾಗಲೇ ಇದ್ದರೆ ಸ್ಕ್ರೀನ್ ಇಲ್ಲದ ಸಾದಾ ಪೆನ್ ಟ್ಯಾಬ್ಲೆಟ್ ಮತ್ತು ಕ್ರಿಟಾ ಸಾಕು. ಮೊದಲ ವಾರ ಅಳು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಕೈ ಮೇಜಿನ ಮೇಲೆ, ಕಣ್ಣು ಎದುರಿನ ಸ್ಕ್ರೀನ್ ಮೇಲೆ. ಎಡಕ್ಕೆ ಎಳೆದ ಗೆರೆ ಎಲ್ಲಿಗೋ ಹೋಗುತ್ತದೆ. ಚಿತ್ರ ಬಿಡಿಸಲು ಹೋಗಬೇಡಿ, ಸುಮ್ನೆ ನಿಮ್ಮ ಹೆಸರು ಬರೆಯಿರಿ. ದಿನಕ್ಕೆ ಒಂದು ಪುಟ. ಹತ್ತನೇ ದಿನದ ಹೊತ್ತಿಗೆ ಅಕ್ಷರ ನಿಮ್ಮ ಕೈಬರಹದ ಹಾಗೆ ಕಾಣತೊಡಗುತ್ತದೆ, ಆಗ ಚಿತ್ರಕ್ಕೆ ಇಳಿಯಿರಿ. ಟ್ಯಾಬ್ಲೆಟ್ ಡಬ್ಬದ ಮೇಲೆ ಒತ್ತಡದ 8192 ಮಟ್ಟ ಅಂತ ಬರೆದಿರುತ್ತದೆ. ಅದನ್ನು ನೋಡಿ ಕೊಳ್ಳಬೇಡಿ. ಪೆನ್ನು ಕೈಯಲ್ಲಿ ಹೇಗೆ ಕೂರುತ್ತದೆ, ಅದಕ್ಕೆ ಚಾರ್ಜ್ ಬೇಕಾ, ತುದಿ ಸವೆದರೆ ಬೇರೆ ತುದಿ ಸಿಗುತ್ತದಾ, ಇದನ್ನು ಕೇಳಿ.

ಎಂಥ ಕಂಪ್ಯೂಟರ್ ಬೇಕು?

ವೆಕ್ಟರ್ ಮತ್ತು ಸ್ಕ್ರೀನ್ ಡಿಸೈನಿಗೆ 8 ಜಿಬಿ ರ‍್ಯಾಮ್‌ನಲ್ಲಿ ತಳ್ಳಬಹುದು. ಫೋಟೋ, ದೊಡ್ಡ ಪೇಂಟಿಂಗ್ ಅಂದರೆ 16. ವಿಡಿಯೋ, ತ್ರೀಡಿ ಅಂದರೆ ಇನ್ನೂ ಜಾಸ್ತಿ, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಕೂಡ. ದುಡ್ಡು ಉಳಿದರೆ ಪ್ರೊಸೆಸರಿಗಿಂತ ಮಾನಿಟರ್‌ಗೆ ಹಾಕಿ.

ಸ್ಕ್ರೀನಿನಲ್ಲಿ ಹೊಳೆಯುವ ಬಣ್ಣ ಪ್ರಿಂಟ್‌ನಲ್ಲಿ ಯಾಕೆ ಮಂಕಾಗುತ್ತದೆ? ಸಾಫ್ಟ್‌ವೇರ್ ತಪ್ಪಾ?

ತಪ್ಪಲ್ಲ. ಸ್ಕ್ರೀನ್ ಬೆಳಕು ಚೆಲ್ಲುತ್ತದೆ, ಕಾಗದ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸ್ ಕಳಿಸುತ್ತದೆ. ಆರ್‌ಜಿಬಿಯಲ್ಲಿ, ಅಂದರೆ ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ, ಕಾಣುವ ಕಣ್ಣು ಕುಕ್ಕುವ ಹಸಿರು, ನೇರಳೆ, ಕಿತ್ತಳೆಗೆ ಸಿಎಂವೈಕೆಯ ನಾಲ್ಕು ಶಾಯಿಯಲ್ಲಿ ಜೊತೆಯೇ ಇಲ್ಲ. ನಿಮ್ಮ ಸಾಫ್ಟ್‌ವೇರ್ ಆ ಪೆಟ್ಟನ್ನು ಮೊದಲೇ ತೋರಿಸುತ್ತದಾ ಅನ್ನುವುದು ಪ್ರಶ್ನೆ. ಪ್ರಿಂಟ್ ಹೇಗೆ ಬರುತ್ತದೆ ಅಂತ ಸ್ಕ್ರೀನಿನಲ್ಲೇ ತೋರಿಸುವ ಸಾಫ್ಟ್ ಪ್ರೂಫ್ ಅನ್ನುವ ಸೌಲಭ್ಯ ಇದೆಯಾ ನೋಡಿ. ಪ್ರಿಂಟ್ ಕೆಲಸ ಜಾಸ್ತಿ ಇರುವವರಿಗೆ ಅದು, ಜೊತೆಗೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಹರಡುವ ಬಣ್ಣ) ಇಡುವ ಅನುಕೂಲ, ಇವೆರಡು ಇಲ್ಲದ ಸಾಫ್ಟ್‌ವೇರ್ ಬೇಡವೇ ಬೇಡ.

ಬಣ್ಣದ ವಿಷಯ ಬಂದಾಗ ಪ್ಯಾಂಟೋನ್ (ಬಣ್ಣಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡುವ ಕಂಪನಿ) ಪ್ರಸಂಗ ನೆನಪಾಗುತ್ತದೆ. 2022ರ ಕೊನೆಯಲ್ಲಿ ಅಡೋಬಿ ಸಾಫ್ಟ್‌ವೇರ್‌ಗಳಿಂದ ಪ್ಯಾಂಟೋನ್‌ನ ಹೆಚ್ಚಿನ ಬಣ್ಣದ ಪಟ್ಟಿಗಳು ಹೊರಗೆ ಹೋದವು. ಹಳೆ ಫೋಟೋಶಾಪ್ ಫೈಲ್ ತೆರೆದವರಿಗೆ ಆ ಬಣ್ಣ ಇದ್ದ ಜಾಗ ಕಪ್ಪಾಗಿ ಕಂಡಿತು. ಹಾಗಾಗಿ ಬ್ರ್ಯಾಂಡ್ ಬಣ್ಣಗಳ ಸಿಎಂವೈಕೆ, ಆರ್‌ಜಿಬಿ ಸಂಖ್ಯೆಗಳನ್ನು ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಅದನ್ನು ಯಾರೂ ಕಪ್ಪು ಮಾಡಲಾರರು.

ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಹೋಗುತ್ತದೆ. ಏನು ಮಾಡಲಿ?

ಸಾಫ್ಟ್‌ವೇರ್ ಆರಿಸುವಾಗ ಇದನ್ನೇ ಮೊದಲ ಪರೀಕ್ಷೆ ಮಾಡಿಕೊಳ್ಳಿ ಅನ್ನುತ್ತೇನೆ. "ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ಕೀರ್ತಿ" ಅಂತ ಒಂದು ಸಾಲು ಅಂಟಿಸಿ. ಒತ್ತು ಕೆಳಗೆ ಕೂತಿದೆಯಾ? ಅರ್ಕಾವೊತ್ತು ಅಕ್ಷರದ ಬಲಕ್ಕೆ ಬಂದಿದೆಯಾ? ಬಂದಿದ್ದರೆ ಸರಿ. ಅದರ ಬದಲು ಅರ್ಧಾಕ್ಷರದ ಗುರುತು (್) ಹೊತ್ತ ಬಿಡಿ ಬಿಡಿ ಅಕ್ಷರಗಳು ಸಾಲಾಗಿ ನಿಂತಿದ್ದರೆ, ಆ ಸಾಫ್ಟ್‌ವೇರ್‌ಗೆ ನಮ್ಮ ಲಿಪಿಯನ್ನು ಜೋಡಿಸುವುದು ಬರುವುದಿಲ್ಲ ಅಥವಾ ಆ ಸೌಲಭ್ಯ ಆಫ್ ಆಗಿದೆ ಅಂತರ್ಥ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ. ಇಂಕ್‌ಸ್ಕೇಪ್, ಬ್ರೌಸರ್‌ಗಳು ಯಾವ ಸೆಟ್ಟಿಂಗೂ ಇಲ್ಲದೆ ಸರಿಯಾಗಿ ಜೋಡಿಸುತ್ತವೆ.

ಇನ್ನೊಂದು ಬಗೆಯ ತೊಂದರೆ ಇದೆ. ಹಳೆ ಫೈಲ್ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅದು ನುಡಿ, ಬರಹ ಎಂಬ ಟೈಪಿಂಗ್ ಸಾಫ್ಟ್‌ವೇರ್‌ಗಳ, ಯೂನಿಕೋಡ್‌ಗೂ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಮುಂಚಿನ ಫಾಂಟ್‌ಗಳ ಕೆಲಸ. ಅಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಮುಖವಾಡ ಹಾಕಿಕೊಂಡು ಕೂತಿರುತ್ತದೆ. ಫಾಂಟ್ ಬದಲಿಸಿದ ಕೂಡಲೇ ಮುಖವಾಡ ಕಳಚುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಒಮ್ಮೆ ಕಣ್ಣಾಡಿಸಿ. ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವುದು ಇದ್ದದ್ದೇ.

ಫಾಂಟ್ ಬೇಕೆಂದರೆ ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಅನೇಕ್ ಕನ್ನಡ ಇವೆಲ್ಲ ಮುಕ್ತ ಲೈಸೆನ್ಸ್‌ನಲ್ಲಿ ಸಿಗುತ್ತವೆ, ಮಾರುವ ಕೆಲಸಕ್ಕೂ ಬಳಸಬಹುದು.

ಎಐ ಬಂದಮೇಲೆ ಇದೆಲ್ಲ ಕಲಿಯುವುದು ದಂಡ ಅಲ್ವಾ?

ಹಿನ್ನೆಲೆ ತೆಗೆಯುವುದು, ಫೋಟೋದಲ್ಲಿ ಅಡ್ಡ ಬಂದ ಕಂಬ ಅಳಿಸುವುದು, ಕ್ಲೈಂಟ್‌ಗೆ ತೋರಿಸಲು ಹತ್ತು ಕಚ್ಚಾ ಕಲ್ಪನೆ ಹುಟ್ಟಿಸುವುದು ಇದಕ್ಕೆಲ್ಲ ನಾನು ಎಐ ಬಳಸುತ್ತೇನೆ. ಅದು ಕೊಡುವುದು ಹೆಚ್ಚಾಗಿ ಚಪ್ಪಟೆ ರಾಸ್ಟರ್ ಚಿತ್ರ. "ಆ ಅಕ್ಷರ ಎರಡು ಮಿಲಿಮೀಟರ್ ಮೇಲಕ್ಕೆ, ಹಕ್ಕಿಯ ಕೊಕ್ಕು ಸ್ವಲ್ಪ ಚೂಪಾಗಿ" ಅಂತ ಕ್ಲೈಂಟ್ ಹೇಳಿದಾಗ ಮತ್ತೆ ಪೆನ್ ಟೂಲ್ ಹಿಡಿಯಬೇಕಾದವರು ನೀವೇ. ಹಕ್ಕಿನ ಪ್ರಶ್ನೆಯೂ ಇದೆ. ಮನುಷ್ಯರ ಕೈವಾಡವಿಲ್ಲದೆ ಪೂರ್ತಿ ಯಂತ್ರವೇ ಮಾಡಿದ ಚಿತ್ರಕ್ಕೆ ಅಮೆರಿಕದ ಕಾಪಿರೈಟ್ ಕಚೇರಿ ಹಕ್ಕು ಕೊಡುವುದಿಲ್ಲ. ಲೋಗೋ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ನಾನು ಕಲಿತ ಸಾಫ್ಟ್‌ವೇರ್ ನಾಳೆ ನಿಂತೇ ಹೋದರೆ?

ನಿಲ್ಲುತ್ತವೆ. ಫ್ರೀಹ್ಯಾಂಡ್ ಅಂತ ಒಂದಿತ್ತು, ಇಲಸ್ಟ್ರೇಟರ್‌ಗೆ ಸರಿಸಮ ಅನ್ನುತ್ತಿದ್ದರು. 2005ರಲ್ಲಿ ಅದರ ಕಂಪನಿ ಮ್ಯಾಕ್ರೋಮೀಡಿಯಾ ಅಡೋಬಿ ಪಾಲಾಯಿತು, 2007ರಲ್ಲಿ ಫ್ರೀಹ್ಯಾಂಡ್ ನಿಂತಿತು. ವೆಬ್‌ನಲ್ಲಿ ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31 ಕೊನೆ ದಿನ.

ಕೈಗೆ ಹತ್ತಿದ್ದು ಹೋಗುವುದಿಲ್ಲ. ಇಲಸ್ಟ್ರೇಟರ್, ಫೋಟೋಶಾಪ್, ಫಿಗ್ಮಾ ಮೂರರಲ್ಲೂ "ಪಿ" ಒತ್ತಿದರೆ ಪೆನ್ ಟೂಲ್ ಬರುತ್ತದೆ. ಹೋಗುವುದು ಫೈಲ್. ಅದಕ್ಕೇ ಮುಗಿದ ಪ್ರತಿ ಕೆಲಸಕ್ಕೂ ಒಂದು ಫೋಲ್ಡರ್ ಮಾಡಿ, ಮೂಲ ಫೈಲ್ ಜೊತೆಗೆ ಯಾವ ಕಂಪನಿಗೂ ಸೇರದ ರೂಪದಲ್ಲಿ ಒಂದು ಪ್ರತಿ ಇಡಿ. ವೆಕ್ಟರ್‌ಗೆ ಎಸ್‌ವಿಜಿ, 2001ರಿಂದ ವೆಬ್‌ನ ಮಾನಕ. ಪುಟಗಳಿಗೆ ಪಿಡಿಎಫ್, 2008ರಿಂದ ಐಎಸ್ಒ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆಯ ಮಾನಕ. ಚಿತ್ರಕ್ಕೆ ಪಿಎನ್‌ಜಿ. ಬಳಸಿದ ಫಾಂಟ್‌ಗಳನ್ನೂ ಅದೇ ಫೋಲ್ಡರ್‌ಗೆ ಹಾಕಿ. ಎಲ್ಲರೂ ಮರೆಯುವುದು ಇದನ್ನೇ.

ಎರಡು ಸಾಫ್ಟ್‌ವೇರ್ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಹೇಗೆ ತೀರ್ಮಾನ ಮಾಡಲಿ?

ವಿಡಿಯೋ ನೋಡುವುದು ನಿಲ್ಲಿಸಿ. ನೀವು ಈಗಾಗಲೇ ಮಾಡಿ ಮುಗಿಸಿದ ಒಂದು ಸಣ್ಣ ಕೆಲಸ ತಗೊಳ್ಳಿ, ವಿಸಿಟಿಂಗ್ ಕಾರ್ಡ್ ಆದರೂ ಸರಿ. ಅದನ್ನೇ ಎರಡರಲ್ಲೂ ಮೊದಲಿನಿಂದ ಮಾಡಿ, ಒಂದೊಂದಕ್ಕೆ ಒಂದು ಗಂಟೆ. ಹೊಸ ಕಲ್ಪನೆ ಬೇಡ, ಏನು ಮಾಡಬೇಕು ಅಂತ ಗೊತ್ತಿರುವುದರಿಂದ ಗಮನವೆಲ್ಲ ಉಪಕರಣದ ಮೇಲೇ ಇರುತ್ತದೆ. ಎಲ್ಲಿ ಕೈ ನಿಂತಿತು, ಯಾವ ಮೆನು ಹುಡುಕುತ್ತಾ ಸಿಟ್ಟು ಬಂತು ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿ. ಕೊನೆಯಲ್ಲಿ ಪಿಡಿಎಫ್ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಫಾಂಟ್ ಬಂತಾ, ಅಳತೆ ಸರಿ ಇದೆಯಾ, ಗೆರೆ ದಪ್ಪವಾಗಲಿಲ್ಲ ತಾನೆ? ಎಷ್ಟೋ ಸಲ ಎರಡು ಗಂಟೆಯೂ ಬೇಕಾಗುವುದಿಲ್ಲ, ಇಪ್ಪತ್ತು ನಿಮಿಷಕ್ಕೇ ಒಂದನ್ನು ಮುಚ್ಚಿಬಿಡುತ್ತೀರಿ.

ಕ್ಲೈಂಟ್ "ಓಪನ್ ಫೈಲ್ ಕೊಡಿ" ಅಂದರೆ ಏನು ಕೊಡಲಿ?

ಓಪನ್ ಫೈಲ್ ಅಂದರೆ ಅವರೇ ತಿದ್ದಬಹುದಾದ ಮೂಲ ಫೈಲ್. ಮೊದಲು ಅದು ಒಪ್ಪಂದದಲ್ಲಿ ಇತ್ತಾ ನೋಡಿ. ಇದ್ದರೆ ಅವರ ಹತ್ತಿರ ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಇದೆ ಅಂತ ಕೇಳಿ. ಇಲಸ್ಟ್ರೇಟರ್ ಆದರೆ ಸೇವ್ ಮಾಡುವಾಗ ಪಿಡಿಎಫ್ ಹೊಂದಾಣಿಕೆಯ ಟಿಕ್ ತೆಗೆಯಬೇಡಿ. ಅದು ಇದ್ದರೆ ಇಲಸ್ಟ್ರೇಟರ್ ಇಲ್ಲದವರೂ ಇಂಕ್‌ಸ್ಕೇಪ್‌ನಂಥದ್ದರಲ್ಲಿ ತೆರೆಯಬಹುದು. ಇನ್‌ಡಿಸೈನ್ ಆದರೆ ಐಡಿಎಂಎಲ್ ಪ್ರತಿ ಕೊಡಿ, ಹಳೆ ಆವೃತ್ತಿಯಲ್ಲೂ ತೆರೆಯುತ್ತದೆ. ಫಿಗ್ಮಾ ಆದರೆ ಲಿಂಕ್ ಕಳಿಸಿ ಸುಮ್ಮನಾಗಬೇಡಿ, ಫೈಲ್‌ನ ಒಡೆತನವನ್ನೇ ಅವರ ಖಾತೆಗೆ ವರ್ಗಾಯಿಸಿ. ಅಕ್ಷರಗಳನ್ನು ಔಟ್‌ಲೈನ್ ಮಾಡಿದ (ಅಂದರೆ ಬರೀ ಆಕಾರವಾಗಿ ಬದಲಿಸಿದ) ಪ್ರತಿ ಒಂದು, ಮಾಡದ ಪ್ರತಿ ಒಂದು, ಎರಡೂ ಹೋಗಲಿ. ಔಟ್‌ಲೈನ್ ಮಾಡಿದ್ದು ಮಾತ್ರ ಕೊಟ್ಟರೆ ಒಂದು ಕಾಗುಣಿತದ ತಪ್ಪು ತಿದ್ದಲೂ ಅವರು ನಿಮ್ಮ ಹತ್ತಿರವೇ ಬರಬೇಕಾಗುತ್ತದೆ, ಅದೂ ಬಹುಪಾಲು ರಾತ್ರಿ ಹನ್ನೊಂದರ ಮೇಲೆ.